ದುಡ್ಡು ಮುಂದೆ, ಕೆಲಸ ಹಿಂದೆ ಆಗದಿರಲಿ

ಆಂಧ್ರದ ಗಡಿಯಲ್ಲಿರುವ ಮಡಕಶಿರಾ ಸೀಮೆಯ ಅಗಳಿ, ರೊಳ್ಳ, ಅಮರಾಪುರದ ಕಡೆ ಮನೆ ರಿಪೇರಿಯ ಮಾತು ಏಳುವುದು ಮಳೆಗೆ ಮುಂಚೆ. ಹಳೇ ಮಣ್ಣಿನ ಮಾಳಿಗೆ ಇಳಿಸಿ ಆರ್‌ಸಿಸಿ ಹಾಕಿಸಬೇಕು, ಇಲ್ಲವೇ ಸೋರುವ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಬೇಕು. ಇಂಥ ಹೊತ್ತಿನಲ್ಲಿ ಬೈಕಿನಲ್ಲಿ ಬಂದಿಳಿಯುವ ಅಪರಿಚಿತನ ಮಾತು ಎಲ್ಲ ಊರಿನಲ್ಲೂ ಹೆಚ್ಚುಕಡಿಮೆ ಒಂದೇ: "ಪಕ್ಕದ ಊರಲ್ಲಿ ಕೆಲಸ ನಡೀತಾ ಇದೆ ಯಜಮಾನ್ರೇ, ಸಾಮಾನು ಮಿಕ್ಕಿದೆ. ಇವತ್ತೇ ಅಡ್ವಾನ್ಸ್ ಕೊಟ್ರೆ ಕಮ್ಮಿ ರೇಟಿಗೆ ಮುಗಿಸಿಕೊಡ್ತೀನಿ." ಮಿಕ್ಕ ಸಾಮಾನಿನ ಈ ಮಾತು ಕೇಳಿದರೆ ಹುಷಾರಾಗಿ ಎಂದು ಬ್ರಿಟನ್ನಿನ ಗ್ರಾಹಕ ರಕ್ಷಣಾ ಅಧಿಕಾರಿಗಳೂ ಅಲ್ಲಿಯ ಜನರನ್ನು ಎಚ್ಚರಿಸುತ್ತಾರೆ.

ಮೇಸ್ತ್ರಿಗಳಲ್ಲಿ ನಿಯತ್ತಿನವರೇ ಹೆಚ್ಚು. ಅನಂತಪುರ ಸೀಮೆಯಿಂದ ಬೆಂಗಳೂರಿಗೆ ಹೋಗಿ ಗಾರೆ, ಸೆಂಟ್ರಿಂಗ್ ಕೆಲಸದಲ್ಲಿ ಬದುಕು ಕಟ್ಟಿಕೊಂಡವರು ಬಹಳ ಮಂದಿ. ಅಂಥವರೊಬ್ಬರು ಊರಿನಲ್ಲಿದ್ದರೆ ಅದೇ ದೊಡ್ಡ ಅನುಕೂಲ. ಒಪ್ಪಂದಕ್ಕೆ ಮೊದಲು ಅವರನ್ನು ಜೊತೆಗೆ ಕರೆದುಕೊಂಡು, ಗುತ್ತಿಗೆದಾರ ಹಿಂದೆ ಕಟ್ಟಿದ ಎರಡು ಮನೆಗಳನ್ನು ನೋಡಿ ಬರಬೇಕು. ಎರಡು ಮಳೆಗಾಲ ಕಂಡ ತಾರಸಿ ಸೋರುತ್ತಿದೆಯೇ ಎಂದು ಆ ಮನೆಯ ಹೆಂಗಸರನ್ನು ಕೇಳಿದರೆ ಉತ್ತರ ನೇರವಾಗಿ ಸಿಗುತ್ತದೆ.

ಮೋಸ ಹೆಚ್ಚಾಗಿ ನಡೆಯುವುದು ಮುಂಗಡದಲ್ಲಿ. ಅರ್ಧಕ್ಕಿಂತ ಹೆಚ್ಚು ದುಡ್ಡು ಒಮ್ಮೆಲೇ ಕೈಸೇರಿತೆಂದರೆ ಗುತ್ತಿಗೆದಾರನ ಗಮನ ಮುಂದಿನ ಮನೆಯ ಕಡೆ ತಿರುಗುತ್ತದೆ. ಈ ವಿಷಯದಲ್ಲಿ ಸರ್ಕಾರದಿಂದಲೇ ಕಲಿಯಬಹುದು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಸೀಮೆಯ ಮನೆಗೆ ಸಿಗುವ 1.20 ಲಕ್ಷ ರೂಪಾಯಿ ಒಂದೇ ಸಲ ಬರುವುದಿಲ್ಲ. ಕೆಲಸ ಎಲ್ಲಿಯವರೆಗೆ ಬಂದಿದೆ ಎಂಬುದಕ್ಕೆ ಜಾಗದ ಗುರುತಿರುವ ಫೋಟೊ ತೆಗೆದ ಮೇಲೆ ಕಂತು ಬಿಡುಗಡೆಯಾಗುತ್ತದೆ. ಸ್ವಂತ ದುಡ್ಡಿಗೂ ಇದೇ ಕಟ್ಟು ಇರಲಿ: ಪಾಯಕ್ಕೆ ಇಷ್ಟು, ಲಿಂಟಲ್‌ಗೆ ಇಷ್ಟು, ಮೌಲ್ಡ್ ಆದ ಮೇಲೆ ಇಷ್ಟು. ಕೊನೆಯ ಕಂತನ್ನು ತಾರಸಿಯ ಮೇಲೆ ಒಂದು ದಿನ ನೀರು ನಿಲ್ಲಿಸಿ ಪರೀಕ್ಷಿಸುವವರೆಗೆ ಉಳಿಸಿಕೊಳ್ಳಬೇಕು. ಆದ ಕೆಲಸಕ್ಕೆ ಹೇಳಿದ ದಿನವೇ ದುಡ್ಡು ಕೊಡುವುದೂ ಅಷ್ಟೇ ಮುಖ್ಯ, ಏಕೆಂದರೆ ಅದರಲ್ಲಿ ಕೂಲಿಯವರ ಬಟವಾಡೆಯೂ ಇರುತ್ತದೆ.

ಸಾಮಾನು ಸಮೇತ ಗುತ್ತಿಗೆ ಕೊಟ್ಟಾಗ ಕಣ್ಣು ಇನ್ನಷ್ಟು ತೆರೆದಿರಬೇಕು. 12 ಮಿ.ಮೀ. ದಪ್ಪದ, 12 ಮೀಟರ್ ಉದ್ದದ ಒಂದು ಕಂಬಿ ಸುಮಾರು 10.6 ಕೆ.ಜಿ. ತೂಗಬೇಕು. ಒಂದು ಕಂಬಿಯನ್ನು ತಕ್ಕಡಿಗೆ ಹಾಕಿಸಿ, ಅದು ಒಂಬತ್ತೂವರೆ ಕೆ.ಜಿ. ಮಾತ್ರ ಬಂದರೆ ಆ ಲೋಡನ್ನು ವಾಪಸು ಕಳಿಸುವುದೇ ಸರಿ. ಸಿಮೆಂಟ್ ಚೀಲದ ಮೇಲೆ ಐಎಸ್‌ಐ ಗುರುತು, ತಯಾರಾದ ವಾರ ಮತ್ತು ವರ್ಷ ಮುದ್ರಿತವಾಗಿರುತ್ತವೆ. ಮೂರು ತಿಂಗಳು ದಾಟಿದ ಚೀಲ ಬೇಡ. ಕಾಂಕ್ರೀಟಿಗೆ ನೀರುಣಿಸುವ ಕೆಲಸ ತಪ್ಪುವುದು ಎಲ್ಲಕ್ಕಿಂತ ಸುಲಭ: ಮಾನಕ ಸಂಹಿತೆ ಐಎಸ್ 456ರ ಪ್ರಕಾರ ಒಣಬಿಸಿಲಿನ ಪ್ರದೇಶದಲ್ಲಿ ಕನಿಷ್ಠ 10 ದಿನ ತೇವ ಇರಲೇಬೇಕು. ಪಿಪಿಸಿಯಂಥ ಮಿಶ್ರ ಸಿಮೆಂಟ್ ಆದರೆ 14 ದಿನ ಒಳ್ಳೆಯದು. ನೀರಿಗೆ ತತ್ವಾರವಿರುವ ಈ ಸೀಮೆಯಲ್ಲಿ ಆ ನೀರು ಯಾರ ಹೊಣೆ ಎಂಬುದನ್ನು ಮೊದಲೇ ಬರೆದುಕೊಳ್ಳಬೇಕು.

ಬರೆಯುವುದು ಯಾವ ಭಾಷೆಯಲ್ಲಿ? ಅಗಳಿಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಮನೆಮಾತು ಕನ್ನಡ, ಕಚೇರಿಯ ಕಾಗದ ತೆಲುಗು, ಗುತ್ತಿಗೆದಾರನ ಕೊಟೇಶನ್ ಇಂಗ್ಲಿಷ್. ಓದಲು ಬಾರದ ಕಾಗದಕ್ಕೆ ಸಹಿ ಹಾಕಿದರೆ ಅರ್ಧ ಸೋತಂತೆ. ಒಂದು ಹಾಳೆ ಕನ್ನಡದಲ್ಲಿ ಬರೆದರೂ ಸಾಕು: ಎಷ್ಟು ಚದರ, ಚದರಕ್ಕೆ ಎಷ್ಟು, ಯಾವ ಸಿಮೆಂಟ್, ಎಷ್ಟು ದಪ್ಪದ ಕಂಬಿ, ಎಷ್ಟು ದಿನ, ಯಾವ ಕಂತು ಯಾವಾಗ. ಕೆಳಗೆ ಇಬ್ಬರ ಸಹಿ, ವಿಳಾಸ. ದುಡ್ಡು ಬ್ಯಾಂಕು ಅಥವಾ ಫೋನ್ ಮೂಲಕ ಹೋಗಲಿ. ನಗದಾದರೆ ರಸೀದಿ ಬೇಕೇ ಬೇಕು.

ಇಷ್ಟಾದರೂ ಗುತ್ತಿಗೆದಾರ ಅರ್ಧಕ್ಕೆ ಬಿಟ್ಟು ಹೋದರೆ? ಬಹಳ ಜನ ಪೊಲೀಸ್ ಠಾಣೆಗೆ ಹೋಗಿ, "ಇದು ಸಿವಿಲ್ ವ್ಯವಹಾರ" ಎಂಬ ಮಾತು ಕೇಳಿ ಹಿಂದಿರುಗುತ್ತಾರೆ. ಆರಂಭದಿಂದಲೇ ವಂಚಿಸುವ ಉದ್ದೇಶವಿತ್ತೆಂದು ತೋರಿಸಿದರಷ್ಟೇ ಅದು ವಂಚನೆಯ ಅಪರಾಧ. ಗ್ರಾಹಕ ಕಾನೂನಿನ ಬಾಗಿಲು ಅದಕ್ಕಿಂತ ಅಗಲ. ಲಖನೌ ಅಭಿವೃದ್ಧಿ ಪ್ರಾಧಿಕಾರ ಮತ್ತು ಎಂ.ಕೆ. ಗುಪ್ತಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಮನೆ ಕಟ್ಟಿಕೊಡುವುದು ಸೇವೆ, ಅದರಲ್ಲಿನ ಕೊರತೆಗೆ ಪರಿಹಾರ ಉಂಟು ಎಂದು ತೀರ್ಪಿತ್ತಿತು. ಆದರೆ ಮನೆಯವರೇ ಮುಂದೆ ನಿಂತು ದಿನಗೂಲಿಗೆ ಮಾಡಿಸಿದ ಕೆಲಸ ಈ ವ್ಯಾಪ್ತಿಗೆ ಬರುವುದು ಕಷ್ಟ. ಗುತ್ತಿಗೆಯ ಕಾಗದಕ್ಕೆ ಬೆಲೆ ಇರುವುದು ಇದರಿಂದಲೇ.

ಗಡಿಯವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೂ ಒಂದು ಉಪಕಾರ ಮಾಡಿದೆ. ಗುತ್ತಿಗೆದಾರ ಶಿರಾದವನಿರಲಿ, ತುಮಕೂರಿನವನಿರಲಿ, ಅಗಳಿಯವರು ಕರ್ನಾಟಕಕ್ಕೆ ಅಲೆಯಬೇಕಾಗಿಲ್ಲ. ದೂರುದಾರ ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂಬ ನಿಯಮವಿಲ್ಲ. ಗಡುವು ಎರಡು ವರ್ಷ. "ಬರ್ತೀನಿ, ಬರ್ತೀನಿ" ಎಂಬ ಮಾತು ನಂಬಿ ಆ ಎರಡು ವರ್ಷ ಕಳೆದುಕೊಳ್ಳಬಾರದು. ಮೊದಲು 1915ಕ್ಕೆ ಕರೆ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಆ ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು.