ಗಾಲ್ಫ್ ಅಂಗಳದಲ್ಲಿ ಕಲಿತ ಪಾಠ

ನಂಜನಗೂಡಿನಿಂದಾಗಲಿ ತಿ. ನರಸೀಪುರದಿಂದಾಗಲಿ ಮೈಸೂರಿಗೆ ಹೋಗಿಬರುವ ನಮ್ಮ ಸದಸ್ಯರಿಗೆ ಚಾಮುಂಡಿ ಬೆಟ್ಟದ ತಪ್ಪಲಿನ ಕುದುರೆ ಪಂದ್ಯದ ಮೈದಾನ ಗೊತ್ತಿರುವುದೇ. ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನ 18 ಕುಳಿಗಳ ಹಸಿರು ಬಯಲೂ ಅಲ್ಲಿಯೇ ಇದೆ. ಗಾಲ್ಫ್ ಎಂದರೆ ಕೊಡಗು, ಚಿಕ್ಕಮಗಳೂರಿನ ದೊಡ್ಡ ಕಾಫಿ ಪ್ಲಾಂಟರುಗಳ ಆಟ, ನಮ್ಮಂಥ ಎರಡೆಕರೆಯವರಿಗೆ ಅದರಲ್ಲಿ ಏನಿದೆ ಎಂದೇ ನಾನು ತಿಳಿದಿದ್ದೆ. ಹೋದ ತಿಂಗಳು ತಂಗಿಯ ಮಗ ತಾನು ಅಭ್ಯಾಸ ಮಾಡುವ ಅಂಗಳಕ್ಕೆ ನನ್ನನ್ನೂ ಕರೆದೊಯ್ದ.

ಇದಕ್ಕೆ ಡ್ರೈವಿಂಗ್ ರೇಂಜ್ ಎಂದು ಹೆಸರು. ಮೋಟಾರಿಗೂ ಇದಕ್ಕೂ ಸಂಬಂಧವಿಲ್ಲ; ಚೆಂಡನ್ನು ದೂರಕ್ಕೆ ಬಾರಿಸುವುದಕ್ಕೇ ಡ್ರೈವ್ ಎನ್ನುತ್ತಾರೆ. ಸಾಲಾಗಿ ನಿಲ್ಲುವ ಜಾಗ, ಕಾಲಡಿ ಹುಲ್ಲಿನಂಥ ಚಾಪೆ, ಎದುರಿಗೆ ಖಾಲಿ ಬಯಲು, ಅಲ್ಲಲ್ಲಿ ಇಷ್ಟು ಗಜ ದೂರವೆಂದು ಗುರುತು. ಹಣ ಕೊಟ್ಟರೆ ಒಂದು ಬುಟ್ಟಿ ಚೆಂಡು. ಇಲ್ಲಿ ಸೋಲು ಗೆಲುವಿನ ಲೆಕ್ಕವಿಲ್ಲ.

ಗಾಲ್ಫ್ ಚೆಂಡು 46 ಗ್ರಾಂ ಮೀರುವುದಿಲ್ಲ. ಹೆಚ್ಚುಕಡಿಮೆ ಒಂದು ದಪ್ಪ ಹಣ್ಣಡಿಕೆಯಷ್ಟು. ಮೂವತ್ತು ವರ್ಷ ಗುದ್ದಲಿ ಹಿಡಿದ ಕೈ ನನ್ನದೆಂದು ಜೋರಾಗಿ ಬೀಸಿದೆ. ಕೋಲು ಚಾಪೆಗೆ ಬಡಿಯಿತು, ಚೆಂಡು ಅಲ್ಲೇ ಕುಳಿತಿತ್ತು. ಎರಡನೆಯದು ಪಕ್ಕಕ್ಕೆ ಉರುಳಿತು. ಕಲಿಸುವಾತ ಬಂದು, "ಜೋರು ಬೇಡ ಯಜಮಾನರೇ" ಎಂದ. ಕೋಳಿಮರಿ ಹಿಡಿದಂತೆ ಕೋಲನ್ನು ಹಗುರಾಗಿ ಹಿಡಿಯಬೇಕಂತೆ. ಕಣ್ಣು ಚೆಂಡಿನ ಮೇಲಿರಬೇಕು, ಮೊದಮೊದಲು ಸೊಂಟದೆತ್ತರಕ್ಕಷ್ಟೇ ಬೀಸಬೇಕು. ಬುಟ್ಟಿ ಅರ್ಧವಾಗುವ ಹೊತ್ತಿಗೆ ಒಂದು ಚೆಂಡು ನೆಟ್ಟಗೆ ಎದ್ದು ಹೋಯಿತು.

ಬೆಂಗಳೂರಿನ ಅದಿತಿ ಅಶೋಕ್ ಐದನೆಯ ವಯಸ್ಸಿಗೇ ಆಟಕ್ಕಿಳಿದವರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೆಯವರಾದರು. 2023ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು. ಆ ತಂಡದಲ್ಲಿ ನಮ್ಮ ಮೈಸೂರಿನ ಪ್ರಣವಿ ಅರಸ್ ಕೂಡ ಇದ್ದರು. ಅಂಥ ಆಟಗಾರರೂ ಪಂದ್ಯಕ್ಕೆ ಮುಂಚೆ ಅಭ್ಯಾಸದ ಅಂಗಳದಲ್ಲಿ ನಿಂತು ತಪ್ಪು ತಿದ್ದಿಕೊಳ್ಳುತ್ತಾರೆ.

ಬುಟ್ಟಿ ಖಾಲಿಯಾದಾಗ ನನಗೆ ನಮ್ಮ ತೋಟ ನೆನಪಾಯಿತು. ಆರು ವರ್ಷದ ಹಿಂದೆ, ಗೊನೆ ಇಳಿಸುವ ಆಳು ಬಾರದಿದ್ದಾಗ, ಹೊಸ ಹುಡುಗನೊಬ್ಬನ ಕಾಲಿಗೆ ತಳೆ ಹಾಕಿಸಿ ಮೊದಲ ದಿನವೇ ಮರ ಹತ್ತಿಸಿದೆ. ಮೂರನೆಯ ಮರದಿಂದ ಜಾರಿದ. ಕಾಲು ಮುರಿಯಿತು, ಇಂದಿಗೂ ಕುಂಟುತ್ತಾನೆ. ತಪ್ಪು ಅವನದಲ್ಲ, ನನ್ನದು. ಆಟದ ಚೆಂಡಿಗೆ ಅಭ್ಯಾಸದ ಜಾಗ ಬೇಕೆಂದು ತಿಳಿದವರಿದ್ದಾರೆ. ಪ್ರಾಣ ಪಣಕ್ಕಿಡುವ ಕೆಲಸಕ್ಕೆ ನಾವು ಅದನ್ನು ಕೊಟ್ಟಿಲ್ಲ.

ವಿಟ್ಲದ ಸಿ.ಪಿ.ಸಿ.ಆರ್.ಐ. ಕೇಂದ್ರದಲ್ಲಿ ಮರ ಹತ್ತುವ ತರಬೇತಿ ಶಿಬಿರ ನಡೆದದ್ದುಂಟು. ನಮ್ಮ ಭಾಗದಲ್ಲೂ ಸಂಘವು ಎಳೆಯ, ಗಿಡ್ಡ ಮರಗಳಿರುವ ಒಂದು ತೋಟ ಗೊತ್ತುಮಾಡಲಿ. ಅನುಭವಸ್ಥರೊಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಸಿ ಆಳೆತ್ತರದಿಂದ ಕಲಿಸಲಿ. ಕಾರ್ಬನ್ ಫೈಬರ್ ದೋಟಿಗೂ ಕಲಿಕೆ ಬೇಕು: ಉದ್ದ ಮಾಡಿದಷ್ಟೂ ತುದಿ ತೂಗಾಡುತ್ತದೆ, ವಿದ್ಯುತ್ ತಂತಿಗೆ ತಗುಲಿದರೆ ಕರೆಂಟು ಹರಿಯುತ್ತದೆ. ಕಲಿಯುವ ದಿನಗಳಿಗೂ ಕೂಲಿ ಸಿಗಬೇಕು. ಇಲ್ಲದಿದ್ದರೆ ಯಾರೂ ಬರುವುದಿಲ್ಲ.

ಮುಂದಿನ ಮಹಾಸಭೆಯಲ್ಲಿ ಈ ವಿಷಯ ಎತ್ತಲಿದ್ದೇನೆ. ಸದಸ್ಯ ಬಾಂಧವರು ಬೆಂಬಲಿಸಬೇಕಾಗಿ ವಿನಂತಿ.