ಶಿಲೀಂಧ್ರಸೋಂಕಿನಲ್ಲಿ ದೇಹದ ರಕ್ಷಣೆಯೂ ಶ್ವಾಸಕೋಶದ ಹಾನಿಯೂ: ರೇಷ್ಮೆಸೀಮೆಯ ಒಂದು ನಿದರ್ಶನ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ರೇಷ್ಮೆ ಬೆಳೆಗಾರರಿಗೆ ಸುಣ್ಣಕಟ್ಟು ರೋಗವು ಚಿರಪರಿಚಿತ. ಮಳೆಗಾಲದಲ್ಲಿಯೂ ಚಳಿಗಾಲದಲ್ಲಿಯೂ ಹುಳುಮನೆಯ ಗಾಳಿ ತೇವದಿಂದ ಭಾರವಾದಾಗ, ಹುಳುಗಳು ಸೊಪ್ಪು ತಿನ್ನುವುದನ್ನು ಬಿಟ್ಟು ಮಂಕಾಗಿ ಸಾಯುತ್ತವೆ. ಸತ್ತ ಹುಳು ಕೊಳೆಯುವುದಿಲ್ಲ; ಗಟ್ಟಿಯಾಗಿ, ಒಂದೆರಡು ದಿನಗಳಲ್ಲಿ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಆ ಬಿಳಿಯ ಪುಡಿಯು ಬೋವೇರಿಯ ಬಾಸಿಯಾನ ಎಂಬ ಶಿಲೀಂಧ್ರದ ಬೀಜಕಗಳ ರಾಶಿ. ಹುಳುವಿಗೆ ಶ್ವಾಸಕೋಶವಿಲ್ಲ, ಮೈಯ ಪಕ್ಕದ ರಂಧ್ರಗಳಿಂದ ಅದು ಉಸಿರಾಡುತ್ತದೆ. ಆದರೂ ಮನುಷ್ಯನ ಶ್ವಾಸಕೋಶವು ಶಿಲೀಂಧ್ರವನ್ನು ಎದುರಿಸುವ ಬಗೆಯನ್ನು ಅರಿಯಲು ಈ ಹುಳುವೇ ಒಳ್ಳೆಯ ಪೀಠಿಕೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

೧. ಹುಳುವಿನ ಪಾಠ

ಈ ರೋಗದ ಕಾರಣವನ್ನು ಮೊದಲು ಸಿದ್ಧಪಡಿಸಿ ತೋರಿಸಿದವನು ಇಟಲಿಯ ಅಗೊಸ್ತಿನೊ ಬಾಸಿ. ಎರಡು ದಶಕಗಳಿಗೂ ಮಿಕ್ಕ ಪ್ರಯೋಗಗಳ ತರುವಾಯ, ೧೮೩೫ರಲ್ಲಿ, ರೋಗವು ಹವೆಯಿಂದಾಗಲಿ ಸೊಪ್ಪಿನಿಂದಾಗಲಿ ತಾನಾಗಿ ಹುಟ್ಟದೆ, ಒಂದು ಹುಳುವಿನಿಂದ ಇನ್ನೊಂದಕ್ಕೆ ಹರಡುವ ಸಜೀವ ಶಿಲೀಂಧ್ರದಿಂದ ಬರುತ್ತದೆಂದು ಆತನು ಪ್ರಕಟಿಸಿದನು. ಪಾಸ್ತರನು ರೇಷ್ಮೆಹುಳುವಿನ ರೋಗಗಳನ್ನು ಕುರಿತು ಕೆಲಸ ಮಾಡಿದ್ದು ಇದಕ್ಕೆ ಮೂವತ್ತು ವರ್ಷಗಳ ಅನಂತರ. ಸೂಕ್ಷ್ಮಜೀವಿಯು ಪ್ರಾಣಿಗೆ ರೋಗ ತರಬಲ್ಲುದೆಂಬ ತತ್ತ್ವಕ್ಕೆ ರೇಷ್ಮೆಹುಳುವೇ ಮೊದಲ ಸಾಕ್ಷಿಯಾಯಿತು.

ಬೀಜಕವು ಹುಳುವಿನ ಚರ್ಮಕ್ಕೆ ಅಂಟಿ, ತೇವವಿದ್ದರೆ ಮೊಳೆತು, ಕೈಟಿನ್ ಮತ್ತು ಪ್ರೋಟೀನುಗಳನ್ನು ಕರಗಿಸುವ ಕಿಣ್ವಗಳ ನೆರವಿನಿಂದ ಒಳಹೊಗುತ್ತದೆ. ಹುಳುವಿಗೆ ನಮ್ಮಂತೆ ಪ್ರತಿಕಾಯಗಳನ್ನು ತಯಾರಿಸುವ ಶಕ್ತಿ ಇಲ್ಲ. ಆದರೆ ಅದು ನಿರಾಯುಧವೂ ಅಲ್ಲ. ಅದರ ರಕ್ತಕಣಗಳು ಶತ್ರುವನ್ನು ನುಂಗುತ್ತವೆ, ಇಲ್ಲವೆ ಸುತ್ತುವರಿದು ಗಂಟು ಕಟ್ಟುತ್ತವೆ. ಆ ಗಂಟು ಮೆಲನಿನ್ ಎಂಬ ವರ್ಣದ್ರವ್ಯದಿಂದ ಕಪ್ಪಾಗುತ್ತದೆ. ಶತ್ರುವನ್ನು ಗುರುತಿಸುವ ಬಗೆಯೇನು? ಶಿಲೀಂಧ್ರದ ಕೋಶಭಿತ್ತಿಯಲ್ಲಿ ಬೀಟಾ-ಗ್ಲೂಕನ್ ಎಂಬ ಶರ್ಕರಸಂಯುಕ್ತವಿದೆ. ಪ್ರಾಣಿಗಳ ದೇಹದಲ್ಲಿ ಇದಿಲ್ಲ. ಇದನ್ನು ಹಿಡಿದುಕೊಳ್ಳುವ ಪ್ರೋಟೀನನ್ನು ಜಪಾನಿನ ಸಂಶೋಧಕರಾದ ಒಚಿಯಾಯಿ ಮತ್ತು ಅಶಿದ ಅವರು ೧೯೮೮ರಲ್ಲಿ ರೇಷ್ಮೆಹುಳುವಿನ ರಕ್ತರಸದಿಂದಲೇ ಶುದ್ಧೀಕರಿಸಿದರು. ೧೯೯೬ರಲ್ಲಿ ಫ್ರಾನ್ಸಿನ ಹಾಫ್‌ಮನ್ ಮತ್ತು ಸಂಗಡಿಗರು, ಟೋಲ್ ಎಂಬ ಜೀನು ಕೆಟ್ಟಿರುವ ಹಣ್ಣುನೊಣಗಳು ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಬೂಷ್ಟಿಗೆ ತುತ್ತಾಗುವುದನ್ನು ತೋರಿಸಿದರು. ಟೋಲನ್ನು ಹೋಲುವ ಗ್ರಾಹಕಗಳು ಮನುಷ್ಯರಲ್ಲಿಯೂ ಇವೆ. ೨೦೧೧ರ ನೊಬೆಲ್ ಪಾರಿತೋಷಕದಲ್ಲಿ ಹಾಫ್‌ಮನ್ನರಿಗೆ ಪಾಲು ದೊರೆಯಿತು.

೨. ಶ್ವಾಸಕೋಶದ ಕಾವಲು

ಬೋವೇರಿಯವು ೩೭ ಡಿಗ್ರಿ ಶಾಖದಲ್ಲಿ ಚೆನ್ನಾಗಿ ಬೆಳೆಯಲಾರದು. ಅದರಿಂದ ಮನುಷ್ಯನಿಗೆ ಸೋಂಕು ತಗಲುವುದು ಅತಿ ವಿರಳ. ಆಸ್ಪರ್ಜಿಲಸ್ ಫ್ಯೂಮಿಗೇಟಸಿನ ಸಂಗತಿ ಬೇರೆ. ಅದು ೫೦ ಡಿಗ್ರಿಯಲ್ಲಿಯೂ ಬೆಳೆಯುತ್ತದೆ. ಕೊಳೆತು ಬಿಸಿಯೇರಿದ ತಿಪ್ಪೆ, ಒದ್ದೆ ಹುಲ್ಲು, ಹುಳುವಿನ ಹಿಕ್ಕೆ ಮತ್ತು ತಿಂದುಳಿದ ಸೊಪ್ಪಿನ ಗುಡ್ಡೆ ಇಂಥವುಗಳಲ್ಲಿ ಅದಕ್ಕೆ ಆಶ್ರಯ ದೊರೆಯುತ್ತದೆ. ಅದರ ಬೀಜಕದ ವ್ಯಾಸವು ಕೇವಲ ೨ರಿಂದ ೩ ಮೈಕ್ರೋಮೀಟರ್. ಆದುದರಿಂದ ಅದು ಮೂಗು ಗಂಟಲುಗಳನ್ನು ದಾಟಿ ಅತಿ ಕಿರಿಯ ವಾಯುಕೋಶಗಳನ್ನು ಮುಟ್ಟಬಲ್ಲುದು. ನಾವೆಲ್ಲರೂ ಇಂಥ ಬೀಜಕಗಳನ್ನು ದಿನವೂ ಉಸಿರಾಡುತ್ತೇವೆ. ಆದರೂ ನಮಗೆ ರೋಗ ಬರುವುದಿಲ್ಲ.

ಶ್ವಾಸನಾಳದ ಲೋಳೆಯೂ ಅದನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳೂ ಹಲವು ಬೀಜಕಗಳನ್ನು ಹೊರಹಾಕುತ್ತವೆ. ಉಳಿದವನ್ನು ವಾಯುಕೋಶದ ಮಹಾಭಕ್ಷಕ ಕಣಗಳು ನುಂಗುತ್ತವೆ. ಒಣ ಬೀಜಕದ ಮೇಲೆ ನೀರು ಹತ್ತದ ಪ್ರೋಟೀನಿನ ಹೊದಿಕೆಯಿದ್ದು, ಅದು ಬೀಟಾ-ಗ್ಲೂಕನನ್ನು ಮರೆಮಾಡುತ್ತದೆ. ಬೀಜಕವು ಉಬ್ಬಿ ಮೊಳೆಯುವಾಗ ಹೊದಿಕೆ ಕಳಚುತ್ತದೆ. ಆಗ ಮಹಾಭಕ್ಷಕದ ಮೇಲಿನ ಡೆಕ್ಟಿನ್-೧ ಎಂಬ ಗ್ರಾಹಕವು ಅದನ್ನು ಗುರುತಿಸಿ, ನ್ಯೂಟ್ರೋಫಿಲ್ ಎಂಬ ಬಿಳಿಯ ರಕ್ತಕಣಗಳಿಗೆ ಕರೆ ಕಳುಹಿಸುತ್ತದೆ. ಹುಳುವಿನ ರಕ್ತದಲ್ಲಿ ಕಂಡ ಉಪಾಯವೇ ಇಲ್ಲಿಯೂ ಇದೆ. ಎರಡು ದೇಹಗಳೂ ಶತ್ರುವನ್ನು ಅದೇ ಗುರುತಿನಿಂದ ಹಿಡಿಯುತ್ತವೆ. ನಿರುಪದ್ರವಿಯಾದ ಒಣ ಬೀಜಕಕ್ಕೆ ಕೆರಳದೆ, ಮೊಳೆತುದಕ್ಕೆ ಮಾತ್ರ ಕೆರಳುವುದರಲ್ಲಿ ಶ್ವಾಸಕೋಶದ ವಿವೇಕವಿದೆ.

೩. ಹಾನಿಯ ಮೂರು ಬಗೆ

ಮೊದಲನೆಯದು ರಕ್ಷಣೆಯು ಕುಗ್ಗಿದಾಗ ಆಗುವ ಹಾನಿ. ರಕ್ತಕ್ಯಾನ್ಸರಿನ ಚಿಕಿತ್ಸೆಯಿಂದ ನ್ಯೂಟ್ರೋಫಿಲ್‌ಗಳು ಇಳಿದವರಲ್ಲಿ, ಅಥವಾ ದೀರ್ಘಕಾಲ ಹೆಚ್ಚು ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ, ಶಿಲೀಂಧ್ರದ ತಂತುಗಳು ರಕ್ತನಾಳಗಳನ್ನು ಭೇದಿಸಿ, ರಕ್ತಸಂಚಾರವನ್ನು ತಡೆದು, ಅಂಗಾಂಶವನ್ನು ಸಾಯಿಸುತ್ತವೆ. ೨೦೨೧ರಲ್ಲಿ ಕೋವಿಡಿನ ಎರಡನೆಯ ಅಲೆಯ ಕಾಲಕ್ಕೆ ಕರ್ನಾಟಕವೂ ಕಂಡ ಮ್ಯೂಕರ್ ಶಿಲೀಂಧ್ರರೋಗದಲ್ಲಿ, ಹತೋಟಿಯಿಲ್ಲದ ಮಧುಮೇಹವೂ ಸ್ಟೀರಾಯ್ಡ್ ಬಳಕೆಯೂ ಇದಕ್ಕೆ ದಾರಿ ಮಾಡಿಕೊಟ್ಟವು.

ಎರಡನೆಯದು ಹಳೆಯ ಗಾಯದಲ್ಲಿ ನೆಲೆಸುವ ಸೋಂಕು. ಕ್ಷಯವು ವಾಸಿಯಾದ ಮೇಲೆ ಶ್ವಾಸಕೋಶದಲ್ಲಿ ಉಳಿದ ಪೊಳ್ಳಿನಲ್ಲಿ ಆಸ್ಪರ್ಜಿಲಸ್ ಉಂಡೆಯಾಗಿ ಬೆಳೆಯಬಹುದು. ರೋಗಿಯು ಕೆಮ್ಮುತ್ತಾನೆ, ಬಡವಾಗುತ್ತಾನೆ, ರಕ್ತ ಕಾರುತ್ತಾನೆ. ಕಫದಲ್ಲಿ ಕ್ಷಯಾಣು ಮಾತ್ರ ಕಾಣುವುದಿಲ್ಲ.

ಮೂರನೆಯದು ರಕ್ಷಣೆಯೇ ಮಿತಿಮೀರಿದಾಗ ಆಗುವ ಹಾನಿ. ಅಸ್ತಮಾ ಇರುವ ಕೆಲವರಲ್ಲಿ ಆಸ್ಪರ್ಜಿಲಸಿಗೆ ವಿರುದ್ಧವಾಗಿ ಇ ವರ್ಗದ ಪ್ರತಿಕಾಯಗಳು ಅತಿಯಾಗಿ ಹುಟ್ಟಿ, ಶ್ವಾಸನಾಳಗಳು ಕ್ರಮೇಣ ಹಿಗ್ಗಿ ಕೆಡುತ್ತವೆ. ಬೂಷ್ಟು ಹಿಡಿದ ಹುಲ್ಲಿನ ಧೂಳನ್ನು ಮತ್ತೆ ಮತ್ತೆ ಉಸಿರಾಡುವ ಒಕ್ಕಲಿನವರಲ್ಲಿ ವಾಯುಕೋಶಗಳೇ ಉರಿಗೊಂಡು ಕೊನೆಗೆ ಗಡುಸಾಗುವುದುಂಟು. ಇಲ್ಲಿ ಶಿಲೀಂಧ್ರವು ಬೆಳೆಯಬೇಕಾದ ಅಗತ್ಯವೇ ಇಲ್ಲ. ನ್ಯೂಟ್ರೋಫಿಲ್‌ಗಳಲ್ಲಿ ಹುಟ್ಟುದೋಷವಿರುವ ಇಲಿಗಳ ಶ್ವಾಸಕೋಶವು ಸತ್ತ ತಂತುಗಳಿಗೂ ವಿಪರೀತವಾಗಿ ಉರಿಗೊಳ್ಳುವುದು ಪ್ರಯೋಗಗಳಿಂದ ಸಿದ್ಧವಾಗಿದೆ. ಕೊಲ್ಲುವ ಶಕ್ತಿಯಂತೆ ಶಮನಗೊಳ್ಳುವ ಶಕ್ತಿಯೂ ಆರೋಗ್ಯಕ್ಕೆ ಅವಶ್ಯ.

೪. ನಮ್ಮ ಸೀಮೆಗೆ ಅನ್ವಯ

ಚಿಕಿತ್ಸೆಯ ಇಕ್ಕಟ್ಟು ಇದರಿಂದ ಸ್ಪಷ್ಟವಾಗುತ್ತದೆ. ಮೂರನೆಯ ಬಗೆಗೆ ಹಿತವಾದ ಸ್ಟೀರಾಯ್ಡ್ ಮೊದಲನೆಯ ಬಗೆಗೆ ವಿಷಪ್ರಾಯ. ಕಾರಣವನ್ನು ಗೊತ್ತುಮಾಡದೆ ಔಷಧ ಕೊಡುವುದು ಅಪಾಯಕರ. ಅಲ್ಲದೆ ರೇಷ್ಮೆ ಕಸುಬಿನವರ ಉಬ್ಬಸಕ್ಕೆಲ್ಲ ಶಿಲೀಂಧ್ರವೇ ಕಾರಣವೆಂದೂ ಹೇಳಲಾಗದು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ೧೯೮೫ರಲ್ಲಿ ಪ್ರಕಟಿಸಿದ ಅಧ್ಯಯನವು, ನೂಲು ಬಿಚ್ಚುವ ಕಾರ್ಖಾನೆಗಳ ಕೆಲಸಗಾರರಲ್ಲಿ ಕಸುಬಿನಿಂದಲೇ ಬರುವ ಅಸ್ತಮಾವನ್ನು ಗುರುತಿಸಿತು. ಅಲ್ಲಿ ಕೆರಳಿಸುವ ವಸ್ತು ಗೂಡು ಮತ್ತು ಹುಳುವಿನದೇ ಪ್ರೋಟೀನು. ಆದುದರಿಂದ ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕ್ಷಯದ ಪರೀಕ್ಷೆಯಾಗಬೇಕು. ಅದು ಇಲ್ಲವೆಂದು ತಿಳಿದಾಗ ರೋಗಿಯ ಕಸುಬನ್ನು ವಿಚಾರಿಸಿ, ಆಸ್ಪರ್ಜಿಲಸ್ ಪ್ರತಿಕಾಯಗಳ ಪರೀಕ್ಷೆ ಮಾಡಿಸುವುದು ಯುಕ್ತ.

ಹುಳುಮನೆಗೂ ಇದೇ ತಿಳಿವಳಿಕೆ ದಾರಿ ತೋರುತ್ತದೆ. ಹುಳು ಸತ್ತು ಬೆಳ್ಳಗಾದ ಮೇಲೆಯೇ ಬೀಜಕಗಳು ಹಾರುವುದರಿಂದ, ಬಿಳಿಯ ಪುಡಿ ಏಳುವ ಮುನ್ನವೇ ರೋಗದ ಹುಳುಗಳನ್ನು ಆರಿಸಿ ಸುಡಬೇಕು. ತಟ್ಟೆಗಳ ಮೇಲೆ ಸುಣ್ಣದ ಪುಡಿ ಎರಚಿ, ಗಾಳಿಯಾಡಿಸಿ, ತೇವವನ್ನು ತಗ್ಗಿಸಬೇಕು. ಕೀಟನಾಶಕವಾಗಿ ಮಾರಾಟವಾಗುವ ಬೋವೇರಿಯವನ್ನು ಹಿಪ್ಪುನೇರಳೆ ತೋಟದ ಆಸುಪಾಸಿನಲ್ಲಿ ಸಿಂಪಡಿಸಬಾರದು. ಹಿಕ್ಕೆಯನ್ನೂ ಕಸವನ್ನೂ ವಾಸದ ಮನೆಯಿಂದ ದೂರ ಹಾಕಿ, ಒಣ ಕಸವನ್ನು ಕೆದಕುವಾಗ ಮೂಗು ಬಾಯಿ ಮುಚ್ಚಿಕೊಳ್ಳಬೇಕು. ಹುಳುವನ್ನೂ ಅದನ್ನು ಸಾಕುವವರನ್ನೂ ಒಂದೇ ಮನೆಯ ಗಾಳಿ ಪೋಷಿಸುವ ಈ ಸೀಮೆಯಲ್ಲಿ, ಒಬ್ಬರ ಆರೋಗ್ಯವನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡುವುದು ಸಾಧ್ಯವಲ್ಲ.