ಗಾಲ್ಫ್ ಮೈದಾನದ ಬಿಸಿಲು ಮತ್ತು ಟೋಪಿ

ಚೆನ್ನೈಯ ಗಾಲ್ಫ್ ಆಟ ಬ್ರಿಟಿಷರ ಕಾಲದಿಂದ ಬಂದುದು. ಗಿಂಡಿಯ ಕುದುರೆಪಂದ್ಯದ ಮೈದಾನದ ನಡುವೆಯೂ ನಂದನಂನಲ್ಲಿಯೂ ಎಷ್ಟೋ ತಲೆಮಾರು ಆಡಿದೆ. 18 ಕುಳಿಗಳ ಒಂದು ಸುತ್ತಿಗೆ ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಏಳಕ್ಕೆ ಹೊರಟವರು ಮುಗಿಸುವಷ್ಟರಲ್ಲಿ ಸೂರ್ಯನು ನೆತ್ತಿಯ ಸಮೀಪಕ್ಕೆ ಬಂದಿರುತ್ತಾನೆ. ತಮಿಳರು 'ಕತ್ತಿರಿ ವೆಯಿಲ್' ಎನ್ನುವ ಮೇ ತಿಂಗಳ ಬಿಸಿಲನ್ನಂತೂ ಬಣ್ಣಿಸಬೇಕಾಗಿಲ್ಲ.

ಆಟಗಾರರ ಮೆಚ್ಚಿನ ಟೋಪಿ ಮುಂದೆ ಮಾತ್ರ ಅಂಚುಳ್ಳದ್ದು. ಹಣೆಗೂ ಕಣ್ಣಿಗೂ ನೆರಳಿತ್ತು, ಕಿವಿಗಳನ್ನೂ ಕತ್ತಿನ ಹಿಂಭಾಗವನ್ನೂ ಅದು ಬಿಸಿಲಿಗೇ ಬಿಟ್ಟುಬಿಡುತ್ತದೆ. ಚೆಂಡಿನ ಮೇಲೆ ಬಾಗಿ ನಿಲ್ಲುವ ಈ ಆಟದಲ್ಲಿ ಕತ್ತಿಗೇ ಕಾವು ಹೆಚ್ಚು. ಆದುದರಿಂದ ಸುತ್ತಲೂ ಮೂರು ಅಂಗುಲ ಅಂಚುಳ್ಳ, ಒತ್ತಾಗಿ ನೇಯ್ದ ಟೋಪಿಯೇ ಲೇಸು. ಅದರ ಚೀಟಿಯಲ್ಲಿ 'ಯುಪಿಎಫ್ 50' ಎಂದಿದ್ದರೆ, ಅತಿನೇರಳೆ ಕಿರಣಗಳ 50 ಪಾಲಿನಲ್ಲಿ ಒಂದು ಪಾಲು ಮಾತ್ರ ಬಟ್ಟೆಯನ್ನು ದಾಟುತ್ತದೆ ಎಂದರ್ಥ. ಬೆಳಕಿಗೆ ಹಿಡಿದಾಗ ತೂತುಗಳು ಕಾಣುವ ಹುಲ್ಲಿನ ಟೋಪಿ ಗಾಳಿಗೆ ಹಿತ, ರಕ್ಷಣೆಗೆ ಸಾಲದು. ಬೆವರಿನಲ್ಲಿ ತೊಯ್ದ ತೆಳುವಾದ ಬಿಳಿ ಹತ್ತಿಬಟ್ಟೆಯೂ ಅಷ್ಟೇ.

ಕಪ್ಪು ಮೈಬಣ್ಣದ ನಮಗೇಕೆ ಟೋಪಿ ಎನ್ನುವವರುಂಟು. ಮೆಲನಿನ್ ಚರ್ಮದ ಕ್ಯಾನ್ಸರನ್ನು ಬಹುಮಟ್ಟಿಗೆ ತಡೆಯುವುದು ನಿಜ. ಆದರೆ ಬಿಸಿಲಿನಿಂದ ಕಣ್ಣಿಗೆ ಬರುವ ಪೊರೆ ಮೈಬಣ್ಣ ನೋಡಿ ಬರುವುದಲ್ಲ.

ಇನ್ನು ಚೀಲ ಹೊತ್ತು ಜೊತೆಗೆ ನಡೆಯುವ ಕ್ಯಾಡಿಗಳು. ಆಟಗಾರನಿಗೆ ವಾರಕ್ಕೆ ಒಂದೆರಡು ದಿನದ ಬಿಸಿಲು. ಕ್ಯಾಡಿಗೆ ಅದೇ ಜೀವನೋಪಾಯ. ತಲೆಗೆ ಸುತ್ತಿದ ಟವೆಲ್ಲು ಕಿವಿಯನ್ನು ಮುಚ್ಚಬಹುದು, ಕಣ್ಣಿಗೆ ನೆರಳು ಕೊಡದು. ಟೋಪಿ ಕೊಳ್ಳಹೋದವರು ಅವನಿಗೂ ಒಂದನ್ನು ಕೊಳ್ಳಬೇಕು; ನೀರಿನ ಬಾಟಲಿಯನ್ನೂ ಎರಡು ಒಯ್ಯಬೇಕು.